ಹಾಡು ನನ್ನದು, ಹೆಸರು ಅಣ್ಣನದು: ಎನ್‌ಒಸಿಗೆ ಸಹಿ ಹಾಕಲೇ?

ಪ್ರಶ್ನೆ: ನಾನು ಹಾಸನದವಳು, ವಯಸ್ಸು 36. ನಮ್ಮದು ಹಾಡುವ ಮನೆ. ಅಪ್ಪ ಬಹಳ ವರ್ಷದಿಂದ ಆರ್ಕೆಸ್ಟ್ರಾ ನಡೆಸುತ್ತಾರೆ. ಅಮ್ಮ ಸೋಬಾನೆ, ದೇವರನಾಮ ಹಾಡುತ್ತಾರೆ. ಅಣ್ಣ ಕೀಬೋರ್ಡ್ ನುಡಿಸುತ್ತಾನೆ, ಮಹಡಿ ಮೇಲೆ ಚಿಕ್ಕ ಸ್ಟುಡಿಯೋ ಮಾಡಿಕೊಂಡಿದ್ದಾನೆ. ನಾನು ಕಾಲೇಜಿನ ದಿನಗಳಿಂದ ಹಾಡು ಬರೆದು, ನಾನೇ ಟ್ಯೂನ್ ಹಾಕಿ ಹಾಡುತ್ತಿದ್ದೇನೆ. ಈಗ 15 ಹಾಡುಗಳಿವೆ. ಎರಡು ಹಾಡು ನಮ್ಮ ಕಡೆ ಚೆನ್ನಾಗಿ ಓಡಿವೆ, ಮದುವೆ ಮನೆಗಳಲ್ಲಿ ಕೇಳಿ ಹಾಡಿಸುತ್ತಾರೆ. ಆದರೆ ಅಣ್ಣನ ಯೂಟ್ಯೂಬ್ ಚಾನೆಲ್‌ನಲ್ಲಿ ಸಾಹಿತ್ಯ, ಸಂಗೀತ ಎರಡಕ್ಕೂ ಅವನದೇ ಹೆಸರಿದೆ. ನನ್ನ ಹೆಸರು ಗಾಯನಕ್ಕೆ ಮಾತ್ರ. ಈಗ ಬೆಂಗಳೂರಿನ ಒಂದು ಆಡಿಯೋ ಕಂಪನಿ ಎಲ್ಲ ಹಾಡುಗಳನ್ನೂ ಒಂದೇ ಸಲಕ್ಕೆ ಹಣ ಕೊಟ್ಟು ತೆಗೆದುಕೊಳ್ಳುತ್ತೇವೆ ಅಂದಿದೆ. ಅಣ್ಣ ಒಪ್ಪಿದ್ದಾನೆ. ನನಗೆ "ಒಂದು ಎನ್‌ಒಸಿಗೆ ಸಹಿ ಹಾಕು ಸಾಕು" ಅಂತಾನೆ, ಅಂದರೆ ನನ್ನದೇನೂ ಆಕ್ಷೇಪಣೆ ಇಲ್ಲ ಅನ್ನುವ ಪತ್ರಕ್ಕೆ. ಅಪ್ಪ "ಅವು ಮನೆ ಹಾಡುಗಳು, ಹೆಸರಿಗೋಸ್ಕರ ಜಗಳ ಬೇಡ" ಅಂತಾರೆ. ಅತ್ತಿಗೆ "ಮದುವೆಯಾಗಿ ಹೋದವಳಿಗೆ ಇದೆಲ್ಲ ಯಾಕೆ" ಅಂದರು. ನನಗೆ ಸ್ವರ ಬರೆಯಲು ಬರುವುದಿಲ್ಲ, ಯಾವುದನ್ನೂ ರಿಜಿಸ್ಟರ್ ಮಾಡಿಸಿಲ್ಲ. ಓಡಿದ ಎರಡು ಹಾಡಿನಲ್ಲಿ ಒಂದರ ಧಾಟಿ ಅಮ್ಮನ ಸೋಬಾನೆಯದು. ನನಗೆ ನಿಜವಾಗಿ ಏನಾದರೂ ಹಕ್ಕಿದೆಯೇ? ತವರು ಬಿಟ್ಟುಹೋಗದ ಹಾಗೆ ಏನು ಮಾಡಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಇದೆ. ಸಹಿ ಹಾಕಿದರೆ ಹಾಡು ಹೋಗುತ್ತದೆ, ಹಾಕದಿದ್ದರೆ ಮನೆ ಹೋಗುತ್ತದೆ. ಕಲಾವಿದರ ಅಗ್ರಿಮೆಂಟುಗಳನ್ನು ನೋಡುವ ವಕೀಲೆಯಾಗಿ ಹೇಳುತ್ತೇನೆ, ಹಕ್ಕಿನ ಮಟ್ಟಿಗೆ ನಿಮ್ಮ ಸ್ಥಿತಿ ನೀವು ಅಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿದೆ. ಮನೆಯ ಮಟ್ಟಿಗೆ ಅಷ್ಟು ಧೈರ್ಯವಾಗಿ ಹೇಳಲಾರೆ. ಅಲ್ಲೂ ದಾರಿಯಿದೆ, ಆದರೆ ಅದು ನೀವು ಸಹಿ ಹಾಕುವ ಮುಂಚೆ ಮಾತ್ರ. ಹಾಗಾಗಿ ಮೊದಲ ಮಾತು: ಆ ಎನ್‌ಒಸಿಗೆ ಈಗ ಸಹಿ ಹಾಕಬೇಡಿ. ಅಣ್ಣನಿಗೆ "ಇಲ್ಲ" ಅನ್ನಬೇಕಾಗಿಲ್ಲ. "ಓದಿ ಹೇಳ್ತೀನಿ" ಅಂದರೆ ಸಾಕು.

ಈಗ ಹಾಡು ಯಾರದು ಅನ್ನೋ ವಿಷಯ. ನಾವು ಒಂದು ಹಾಡು ಅನ್ನುವುದನ್ನು ಕಾನೂನು ಒಂದು ವಸ್ತುವಾಗಿ ನೋಡುವುದಿಲ್ಲ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ ಸಾಹಿತ್ಯ ಒಂದು ಕೃತಿ. ಟ್ಯೂನ್ ಇನ್ನೊಂದು ಕೃತಿ, ಅದರಲ್ಲಿ ಪದಗಳು ಸೇರುವುದಿಲ್ಲ ಅಂತ ಕಾಯ್ದೆಯೇ ಹೇಳುತ್ತದೆ. ಸ್ಟುಡಿಯೋದಲ್ಲಿ ಆದ ಧ್ವನಿಮುದ್ರಣ ಮೂರನೆಯದು. ಅದನ್ನು ಹಾಡಿದವರಿಗೆ, ನುಡಿಸಿದವರಿಗೆ ಕಲಾವಿದರ ಹಕ್ಕು ಬೇರೆ. ಈ ನಾಲ್ಕರ ಮಾಲೀಕರು ನಾಲ್ಕು ಜನ ಇರಬಹುದು, ಒಬ್ಬರೇ ಇರಬಹುದು.

ನಮ್ಮ ಜಿಲ್ಲೆಯವರದೇ ಉದಾಹರಣೆ ಕೊಡುತ್ತೇನೆ. ಸಿ. ಅಶ್ವತ್ಥ್ ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು. ಶಿಶುನಾಳ ಶರೀಫರ ಪದಗಳನ್ನು ಅವರು ಹಾಡಿದ್ದು ಎಲ್ಲರಿಗೂ ಗೊತ್ತು. ಶರೀಫರು ತೀರಿಕೊಂಡಿದ್ದು 1889ರಲ್ಲಿ, ಅವರ ಪದಗಳು ಈಗ ಯಾರ ಸ್ವತ್ತೂ ಅಲ್ಲ. ಆದರೆ ಅಶ್ವತ್ಥ್ ಸ್ವಂತವಾಗಿ ಮಾಡಿದ ರಾಗಸಂಯೋಜನೆಗೆ ಕೃತಿಸ್ವಾಮ್ಯ ಇದೆ. ಕರ್ತೃವಿನ ಜೀವಮಾನ, ಆಮೇಲೆ 60 ವರ್ಷ, ಇದು ಲೆಕ್ಕ. ಅವರು ಹೋಗಿದ್ದು 2009ರಲ್ಲಿ, ಅಂದರೆ 2069ರ ಕೊನೆಯವರೆಗೆ. ಆ ಹಕ್ಕು ಈಗ ಯಾರ ಕೈಯಲ್ಲಿದೆ ಅನ್ನುವುದು ಬೇರೆ ಮಾತು. ಒಂದೇ ಹಾಡು, ಪದಕ್ಕೆ ಒಂದು ಆಯಸ್ಸು, ಟ್ಯೂನಿಗೆ ಇನ್ನೊಂದು. ನಮ್ಮ ಸುಗಮ ಸಂಗೀತದವರು ವೇದಿಕೆ ಮೇಲೆ ಸಾಹಿತ್ಯ ಇವರದು, ರಾಗಸಂಯೋಜನೆ ಇವರದು, ಗಾಯನ ಇವರದು ಅಂತ ಬಿಡಿಸಿ ಹೇಳುತ್ತಾರಲ್ಲ, ಕಾನೂನು ಮಾಡುವುದೂ ಅದನ್ನೇ.

ಹೀಗೆ ನೋಡಿದರೆ ನಿಮ್ಮ 15 ಹಾಡುಗಳ ಸಾಹಿತ್ಯ ಪೂರ್ತಿ ನಿಮ್ಮದು. ಟ್ಯೂನ್ ನೀವೇ ಹಾಕಿದ್ದರೆ ಅದೂ ನಿಮ್ಮದು. ಸ್ವರ ಬರೆಯಲು ಬರುವುದಿಲ್ಲ ಅಂತ ಹಿಂಜರಿಯಬೇಡಿ. ಮುಂಚೆ ಕಾಯ್ದೆಯಲ್ಲಿ ಸಂಗೀತ ಕೃತಿ ಅಂದರೆ ಬರಹಕ್ಕೆ ಇಳಿದಿರಬೇಕು ಅಂತ ಇತ್ತು. 1994ರ ತಿದ್ದುಪಡಿಯಲ್ಲಿ ಅದು ಹೋಯಿತು. ಸ್ವರಲಿಪಿ ಇದ್ದರೂ ಇಲ್ಲದಿದ್ದರೂ ರಾಗ ಕಟ್ಟಿದವರೇ ಸಂಯೋಜಕರು. ಗುನುಗಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಟ್ಟರೂ ನೀವು ಸಂಯೋಜಕಿಯೇ.

ಹಾಗಾದರೆ ಅಣ್ಣನಿಗೆ ಏನೂ ಇಲ್ಲವೇ? ಇದೆ, ಇದನ್ನು ನೀವು ಒಪ್ಪಬೇಕು. ಧ್ವನಿಮುದ್ರಣದ ಮಾಲೀಕತ್ವ ಅದನ್ನು ಮಾಡಿಸುವ ಉಪಕ್ರಮ, ಜವಾಬ್ದಾರಿ ಹೊತ್ತವರದು. ಸ್ಟುಡಿಯೋ ಅವನದು, ಮೈಕು, ಕರೆಂಟು, ಮಿಕ್ಸಿಂಗ್ ಎಲ್ಲ ಅವನದೇ ಆಗಿದ್ದರೆ ಆ ರೆಕಾರ್ಡಿಂಗ್ ಬಹುತೇಕ ಅವನದೇ. ಪಲ್ಲವಿ ಚರಣಗಳ ನಡುವೆ ಅವನು ಕಟ್ಟಿದ ಬಿಟ್ ಮ್ಯೂಸಿಕ್ ಹೊಸದಾಗಿದ್ದರೆ ಅದರಲ್ಲೂ ಅವನ ಪಾಲಿದೆ. ಆದರೆ ಬೇರೆಯವರ ಟ್ಯೂನಿಗೆ ವಾದ್ಯ ಜೋಡಿಸಿದ ಮಾತ್ರಕ್ಕೆ ಆ ಟ್ಯೂನ್ ತನ್ನದಾಗುವುದಿಲ್ಲ. ವಾದ್ಯ ಜೋಡಣೆ ಮಾಡಲು ಅನುಮತಿ ಕೊಡುವ ಹಕ್ಕೂ ಟ್ಯೂನ್ ಹಾಕಿದವರದೇ. ಇಬ್ಬರೂ ಒಟ್ಟಿಗೆ ಕೂತು, ಯಾವ ಸಾಲು ಯಾರದು ಅಂತ ಬಿಡಿಸಲಾಗದ ಹಾಗೆ ಟ್ಯೂನ್ ಕಟ್ಟಿದ ಹಾಡು ಇದ್ದರೆ ಅದು ಜಂಟಿ ಕೃತಿ. ಅಂಥವು ಎಷ್ಟು ಇವೆ ಅಂತ ನೀವೇ ಪ್ರಾಮಾಣಿಕವಾಗಿ ಯೋಚಿಸಿ. ನನ್ನ ಅನುಭವದಲ್ಲಿ ಒಂದೆರಡಾದರೂ ಇರುತ್ತವೆ. ಅದನ್ನು ನೀವೇ ಮೊದಲು ಒಪ್ಪಿಕೊಂಡರೆ ಉಳಿದ ಮಾತು ಅರ್ಧ ಸಲೀಸಾಗುತ್ತದೆ.

ಅತ್ತಿಗೆಯವರ ಮಾತಿಗೆ ಜಾಸ್ತಿ ಹೊತ್ತು ಬೇಕಿಲ್ಲ. ಹಾಡು ಪಿತ್ರಾರ್ಜಿತ ಆಸ್ತಿಯಲ್ಲ. ಬರೆದ ದಿನದಿಂದ ಬರೆದವಳ ಸ್ವಂತ ಸ್ವತ್ತು. ಮದುವೆಗೂ ಅದಕ್ಕೂ ಸಂಬಂಧವಿಲ್ಲ. ಅಷ್ಟೇಕೆ, ಪಿತ್ರಾರ್ಜಿತದ ವಿಷಯದಲ್ಲೂ ಆ ಮಾತು 2005ರಿಂದ ನಿಲ್ಲುವುದಿಲ್ಲ, ಅಲ್ಲೂ ಮಗಳಿಗೆ ಮಗನಷ್ಟೇ ಪಾಲು. ಒಂದು ಮಾತ್ರ ನೆನಪಿಡಿ. ನೀವು ವಿಲ್ ಬರೆಯದೆ ಹೋದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಈ ಹಕ್ಕು ಮೊದಲು ನಿಮ್ಮ ಮಕ್ಕಳಿಗೆ, ಗಂಡನಿಗೆ ಹೋಗುತ್ತದೆ. ಯಾವ ಹಾಡಾದರೂ ತವರಿಗೇ ಉಳಿಯಲಿ ಅನ್ನಿಸಿದರೆ ಅದನ್ನು ಬರೆದಿಡಬೇಕಾದವರು ನೀವು.

ಅಪ್ಪನ ಮಾತು ಬೇರೆ. ಅದರಲ್ಲಿ ಮೋಸ ಇದೆ ಅಂತ ನನಗೆ ಅನ್ನಿಸುವುದಿಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ನಿಮಗೆ ಗೊತ್ತೇ ಇದೆ. ಕಾವೇರಿ ದಂಡೆಯ ಆ ಒಂದು ಊರಿನಿಂದ ಕರ್ನಾಟಕ ಸಂಗೀತದ ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರು, ಆರ್.ಕೆ. ಪದ್ಮನಾಭ ಬಂದರು. ಅಂಥ ಮನೆಗಳಲ್ಲಿ ಸಂಗೀತ ಅಂದರೆ ಪಾಠಾಂತರ, ಗುರುವಿನಿಂದ ಕಲಿತದ್ದನ್ನು ಹಾಗೇ ಉಳಿಸಿಕೊಂಡು ಹಾಡುವುದು. ಹಾಡುವುದು ತ್ಯಾಗರಾಜರದು, ದೀಕ್ಷಿತರದು, ಪುರಂದರದಾಸರದು. ಮನೆಯಲ್ಲಿ ಯಾರು ಹಾಡಿದರೂ ಅದು ಎಲ್ಲರದು, ಯಾರದು ಅಂತ ಕೇಳುವ ಪ್ರಮೇಯವೇ ಬರುವುದಿಲ್ಲ. ಆರ್ಕೆಸ್ಟ್ರಾದವರ ಮನೆಯಲ್ಲೂ ಹಾಗೇ, ಅಲ್ಲಿ ಹಾಡುವುದು ಸಿನಿಮಾದ್ದು, ಭಾವಗೀತೆ. ನಿಮ್ಮ ಅಪ್ಪನ ಬದುಕಿನುದ್ದಕ್ಕೂ ಹಾಡು ಹೊರಗಿನಿಂದ ಮನೆಯೊಳಗೆ ಬಂದಿದೆ. ಮನೆಯೊಳಗೇ ಹುಟ್ಟಿ ಹೊರಗೆ ಹೋಗಿದ್ದು ನಿಮ್ಮಿಂದಲೇ ಮೊದಲು. ಅದಕ್ಕೆ ಏನು ಕ್ರಮ ಅಂತ ಅವರಿಗೆ ಗೊತ್ತಿಲ್ಲ. ಅದೇ ಹಾಡನ್ನು ಮಗ ಮಾಡಿದ್ದರೆ ಹೆಸರಿನ ಪ್ರಶ್ನೆ ಬೇಗ ಇತ್ಯರ್ಥ ಆಗುತ್ತಿತ್ತೇನೋ ಅನ್ನುವ ಅನುಮಾನ ನಿಮಗಿದ್ದರೆ, ನನಗೂ ಇದೆ. ಮಗಳು ಹಾಡಿದರೆ ಅದು ಕಂಠ, ಮಗ ನುಡಿಸಿದರೆ ಅದು ಸಂಗೀತ ನಿರ್ದೇಶನ. ಇಂಥ ಲೆಕ್ಕ ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ. ಯಾರೂ ಬೇಕಂತ ಮಾಡುವುದಿಲ್ಲ, ಆದರೂ ಹಾಗೇ ಆಗಿಬಿಟ್ಟಿರುತ್ತದೆ.

ಹೆಸರು ಹಾಕಿಕೊಳ್ಳುವುದು ಅಹಂಕಾರ ಅಂತ ಅಪ್ಪ ಅಂದರೆ, ಅವರಿಗೆ ಗೊತ್ತಿರುವ ಕಡೆಯಿಂದಲೇ ಮಾತು ತೆಗೆಯಿರಿ. ದಾಸರ ಪ್ರತಿ ಪದದ ಕೊನೆಯಲ್ಲೂ ಅಂಕಿತ ಇರುತ್ತದಲ್ಲ. ಅದು ದೇವರ ಹೆಸರೇ ಹೌದು. ಆದರೂ ಪುರಂದರ ವಿಠಲ ಅಂದ ಕೂಡಲೇ ಯಾರ ಪದ ಅಂತ ತಿಳಿಯುತ್ತದೆ. ಹೆಳವನಕಟ್ಟೆ ಗಿರಿಯಮ್ಮನ ಪದ ಅವಳದೇ ಅಂತ ಇವತ್ತಿಗೂ ಗೊತ್ತಾಗುವುದು ಹೆಳವನಕಟ್ಟೆ ರಂಗನ ಅಂಕಿತದಿಂದ. ಅಮ್ಮನ ಸೋಬಾನೆ ಪದಗಳನ್ನು ಯಾರು ಕಟ್ಟಿದರು ಅಂತ ಕೇಳಿ ನೋಡಿ. ಅವರ ಅಮ್ಮನಿಂದ ಕಲಿತದ್ದು ಅನ್ನುತ್ತಾರೆ, ಅದರ ಹಿಂದೆ ಹೆಸರಿಲ್ಲ.

ಆ ಸೋಬಾನೆ ಧಾಟಿಯ ಹಾಡಿನ ಬಗ್ಗೆ ಹುಷಾರಾಗಿರಿ. ಧಾಟಿ ತಲೆತಲಾಂತರದ್ದಾದರೆ ಅದು ಯಾರ ಸ್ವತ್ತೂ ಅಲ್ಲ. ನಿಮ್ಮದೂ ಅಲ್ಲ, ಅಣ್ಣನದೂ ಅಲ್ಲ, ನಾಳೆ ಕಂಪನಿಯದೂ ಆಗಲಾರದು. ಅದಕ್ಕೆ ನೀವು ಬರೆದ ಸಾಹಿತ್ಯ ನಿಮ್ಮದು. ಧಾಟಿಯನ್ನು ಗಣನೀಯವಾಗಿ ಬದಲಿಸಿದ್ದರೆ, ಅನುಪಲ್ಲವಿ ಹೊಸದಾಗಿ ಕಟ್ಟಿದ್ದರೆ, ಅಷ್ಟರ ಮಟ್ಟಿಗೆ ಟ್ಯೂನೂ ನಿಮ್ಮದು. ಅದೇ ಮೂಲ ಧಾಟಿಗೆ ಬೇರೆ ಯಾರಾದರೂ ಹೊಸ ಪದ ಹಾಕಿ ಹಾಡಿದರೆ ನೀವು ತಕರಾರು ಮಾಡುವಂತಿಲ್ಲ. ಎಲ್ಲೇ ಹೆಸರು ಹಾಕಿದರೂ "ಧಾಟಿ: ಸಾಂಪ್ರದಾಯಿಕ ಸೋಬಾನೆ" ಅಂತ ನಮೂದಿಸಿ. ನಂಬಿಕೆಗೂ ಒಳ್ಳೆಯದು, ಕಾನೂನಿಗೂ ಒಳ್ಳೆಯದು. ಅದಕ್ಕಿಂತ ಮುಂಚೆ ಅಮ್ಮನನ್ನು ಒಂದು ಸಲ ವಿಚಾರಿಸಿ. ಅದು ಅವರೇ ಗುನುಗುತ್ತಾ ಕಟ್ಟಿದ ಧಾಟಿಯಾಗಿದ್ದರೆ ಸಂಯೋಜಕಿ ಅವರು! ಹಾಗೆ ಆಗಿರುವ ಸಾಧ್ಯತೆ ಇಲ್ಲದಿಲ್ಲ.

ಯೂಟ್ಯೂಬ್‌ನಲ್ಲಿ ಅಣ್ಣನ ಹೆಸರಿರುವುದು ಬರೀ ಮನಸ್ಸಿಗೆ ನೋವಾಗುವ ವಿಷಯ ಅಂತ ನೀವು ಅಂದುಕೊಂಡಿರಬಹುದು. ನನ್ನ ಕಣ್ಣಿಗೆ ಇಡೀ ಪತ್ರದಲ್ಲಿ ಅಪಾಯದ ಜಾಗ ಅದೇ. ಪ್ರಕಟವಾದ ಕೃತಿಯ ಮೇಲೆ ಕರ್ತೃ ಅಂತ ಯಾರ ಹೆಸರಿದೆಯೋ ಅವರೇ ಕರ್ತೃ ಅಂತ ಕಾನೂನು ಹಿಡಿದು ಹೊರಡುತ್ತದೆ. ಅಲ್ಲ ಅನ್ನುವವರು ಸಾಬೀತು ಮಾಡಬೇಕು. ವರ್ಷಗಟ್ಟಲೆ ಆ ಹೆಸರು ಹಾಗೇ ಇದ್ದು, ನೀವು ಸುಮ್ನೆ ಇದ್ದರೆ, ನಾಳೆ ಕಂಪನಿಯವರು "ನಾವು ಹೆಸರು ನೋಡಿ ಒಪ್ಪಂದ ಮಾಡಿಕೊಂಡೆವು" ಅನ್ನುತ್ತಾರೆ. ಹಾಗಾಗಿ ಹಣದ ಮಾತಿಗಿಂತ ಮುಂಚೆ ಆಗಬೇಕಾದದ್ದು ವಿಡಿಯೋ ಕೆಳಗಿನ ವಿವರ ತಿದ್ದುವುದು. ಅಣ್ಣ ಕೂತಲ್ಲೇ ಮಾಡಬಹುದಾದ ಕೆಲಸ ಅದು, ಒಂದು ಪೈಸೆ ಖರ್ಚಿಲ್ಲ. ಹಕ್ಕನ್ನು ಮಾರಿದ ಮೇಲೂ ಕರ್ತೃ ಅನ್ನಿಸಿಕೊಳ್ಳುವ ಹಕ್ಕು ಉಳಿಯುತ್ತದೆ, ಕಲಂ 57 ಹೇಳುವುದು ಅದನ್ನೇ. ಆದರೆ ಮಾರಿದ ಮೇಲೆ ಕೇಳುವುದಕ್ಕೂ ಮುಂಚೆ ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ.

ಸಾಬೀತಿಗೆ ಏನಿದೆ ನೋಡಿಕೊಳ್ಳಿ. ಹಳೇ ನೋಟ್ ಪುಸ್ತಕ, ಕಾಟು ಹೊಡೆದು ತಿದ್ದಿದ ಸಾಲುಗಳು ಇದ್ದರೆ ಇನ್ನೂ ಒಳ್ಳೆಯದು. ವಾಟ್ಸ್ಆ್ಯಪ್‌ನಲ್ಲಿ ಅಣ್ಣನಿಗೆ ಕಳಿಸಿದ ವಾಯ್ಸ್ ಮೆಸೇಜು, ಮೊಬೈಲ್‌ನಲ್ಲಿ ಮೊದಲ ಸಲ ಹಾಡಿಟ್ಟುಕೊಂಡ ಫೈಲು, ಗೆಳತಿಗೆ ಕಳಿಸಿದ ಮೇಲ್. ಫೋನ್ ಬದಲಿಸುವ ಮುಂಚೆ ಇವನ್ನೆಲ್ಲ ದಿನಾಂಕ ಸಮೇತ ಎರಡು ಕಡೆ ಉಳಿಸಿಡಿ. ಹಾಡನ್ನು ಕವರಿನಲ್ಲಿ ಹಾಕಿ ತಮಗೇ ರಿಜಿಸ್ಟರ್ ಪೋಸ್ಟ್ ಮಾಡಿಕೊಂಡರೆ ಹಕ್ಕು ಸಿಗುತ್ತದೆ ಅನ್ನುವ ಮಾತು ಓಡಾಡುತ್ತದೆ. ಅದರಿಂದ ಹಕ್ಕೇನೂ ಹುಟ್ಟುವುದಿಲ್ಲ, ಪುರಾವೆಯಾಗಿಯೂ ಅದಕ್ಕೆ ತೂಕ ಕಡಿಮೆ.

ನೋಂದಣಿ ಕಡ್ಡಾಯವಲ್ಲ. ರಿಜಿಸ್ಟರ್ ಮಾಡಿಸಿಲ್ಲ ಅಂತ ನಿಮ್ಮ ಹಕ್ಕು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಆದರೆ ತಕರಾರು ಬಂದಾಗ ಆ ಪ್ರಮಾಣಪತ್ರ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಕೃತಿಸ್ವಾಮ್ಯ ಕಚೇರಿಗೆ ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಸಾಹಿತ್ಯ ಒಂದಕ್ಕೆ 500 ರೂಪಾಯಿ, ಟ್ಯೂನ್ ಒಂದಕ್ಕೆ 500, ಧ್ವನಿಮುದ್ರಣಕ್ಕೆ 2,000. ಡೈರಿ ನಂಬರ್ (ಅರ್ಜಿಗೆ ಕೊಡುವ ಸಂಖ್ಯೆ) ಬಂದ ಮೇಲೆ ಆಕ್ಷೇಪಣೆಗೆ 30 ದಿನ ಕಾಯುತ್ತಾರೆ, ಆಮೇಲೆ ಪರಿಶೀಲನೆ. ನಿಮ್ಮ 15 ಹಾಡಿನ ಸಾಹಿತ್ಯ, ಟ್ಯೂನ್ ಎರಡನ್ನೂ ಮಾಡಿಸಿದರೆ ಶುಲ್ಕವೇ 15,000 ಆಗುತ್ತದೆ. ಅಷ್ಟು ಬೇಡ. ಓಡಿದ ಎರಡು, ಓಡಬಹುದು ಅನ್ನಿಸುವ ಇನ್ನೊಂದೆರಡು, ಅಷ್ಟಕ್ಕೆ ಮಾಡಿಸಿ. ಒಂದು ಅಪಾಯವಿದೆ: ಮನೆಯಲ್ಲಿ ಮಾತಾಡದೆ ಅರ್ಜಿ ಹಾಕಿ, ಅದು ಅಣ್ಣನಿಗೆ ಬೇರೆ ಕಡೆಯಿಂದ ಗೊತ್ತಾದರೆ ಅವನೇ ಆಕ್ಷೇಪಣೆ ಹಾಕಬಹುದು. ಆಗ ಮನೆಯ ಮಾತು ಸೀದಾ ಕಚೇರಿಯ ಫೈಲಾಗುತ್ತದೆ. ಮೊದಲು ಮಾತು, ಆಮೇಲೆ ಅರ್ಜಿ.

ಕಂಪನಿಯ ಕಾಗದಕ್ಕೆ ಬರೋಣ. ನಿಮ್ಮ ಸಾಹಿತ್ಯ, ಟ್ಯೂನುಗಳನ್ನು ಅಣ್ಣ ಮಾರಲಾರ. ಹಕ್ಕು ವರ್ಗಾವಣೆ ಲಿಖಿತವಾಗಿ, ಹಕ್ಕುದಾರರ ಅಥವಾ ಅವರು ಅಧಿಕಾರ ಕೊಟ್ಟವರ ಸಹಿಯಿಂದಲೇ ಆಗಬೇಕು. ಕಂಪನಿಗೆ ಇದು ಚೆನ್ನಾಗಿ ಗೊತ್ತು. ಎನ್‌ಒಸಿ ಕೇಳುತ್ತಿರುವುದೇ ಅದಕ್ಕೆ. ಇಂಥ ಎನ್‌ಒಸಿಗಳಲ್ಲಿ "ಈ ಹಾಡುಗಳ ಎಲ್ಲ ಹಕ್ಕು ಇಂಥವರದು, ನನ್ನದು ಯಾವ ಆಕ್ಷೇಪಣೆಯೂ ಇಲ್ಲ" ಅನ್ನುವ ಒಂದು ಸಾಲು ಇರುತ್ತದೆ. ಆ ಒಂದು ಸಾಲು ನಿಮ್ಮ ನೋಟ್ ಪುಸ್ತಕ, ವಾಯ್ಸ್ ಮೆಸೇಜು ಎಲ್ಲವನ್ನೂ ದುರ್ಬಲ ಮಾಡುತ್ತದೆ. ಜನರಲ್ ಪವರ್ ಆಫ್ ಅಟಾರ್ನಿ ಅಂತ ಬೇರೆ ಹೆಸರಿನಲ್ಲಿ ಬಂದರೂ ಅಷ್ಟೇ.

2012ರಲ್ಲಿ ಕಾಯ್ದೆಗೆ ದೊಡ್ಡ ತಿದ್ದುಪಡಿ ಆಯಿತು. ಅದಕ್ಕಿಂತ ಮುಂಚೆ ಗೀತರಚನೆಕಾರರು, ಸಂಗೀತ ನಿರ್ದೇಶಕರು ಒಂದು ಸಲ ಚೆಕ್ ತಗೊಂಡರೆ ಮುಗೀತು, ಆಮೇಲೆ ಹಾಡು ಎಷ್ಟು ದುಡಿದರೂ ಅವರ ಕೈಗೆ ಬರುತ್ತಿದ್ದುದು ಕಡಿಮೆ. ಈಗ ಧ್ವನಿಮುದ್ರಣದಲ್ಲಿ ಸೇರಿದ ಸಾಹಿತ್ಯ, ಸಂಗೀತದ ಕರ್ತೃ, ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಕಂಪನಿಗೆ ಬಿಟ್ಟುಕೊಡುವಂತೆಯೇ ಇಲ್ಲ. ಬಿಟ್ಟುಕೊಟ್ಟೆ ಅಂತ ಬರೆದರೂ ಆ ಬರಹ ಅಸಿಂಧು. ಕಾನೂನುಬದ್ಧ ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಮಾತ್ರ ಕೊಡಬಹುದು. "ಒಂದೇ ಸಲಕ್ಕೆ ಹಣ, ಮುಂದೆ ಏನೂ ಕೇಳುವಂತಿಲ್ಲ" ಅನ್ನುವ ಮಾತು ಅಷ್ಟರ ಮಟ್ಟಿಗೆ ಸುಳ್ಳು. ಹಾಗಂತ ರಾಯಲ್ಟಿ ತಾನಾಗಿ ಮನೆಗೆ ಬರುವುದಿಲ್ಲ. ಅದನ್ನು ವಸೂಲಿ ಮಾಡಿ ಹಂಚಲು ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಇದೆ. 1969ರಲ್ಲಿ ಶುರುವಾದ ಸಂಸ್ಥೆ, 2017ರಲ್ಲಿ ಮತ್ತೆ ಕೃತಿಸ್ವಾಮ್ಯ ಸಂಘವಾಗಿ ನೋಂದಣಿಯಾಯಿತು. ಸಾಹಿತಿ, ಸಂಯೋಜಕಿ ಎರಡೂ ಆಗಿ ಸದಸ್ಯೆಯಾಗಿ, ಹಾಡುಗಳ ವಿವರ ಕೊಡಿ. ಗಾಯಕಿಯಾಗಿ ಬರುವ ರಾಯಲ್ಟಿಗೆ ಇಸಾಮ್ರಾ (ಮುಂಚೆ ಇಸ್ರಾ) ಅನ್ನುವ ಬೇರೆ ಸಂಘವಿದೆ. ಮೊದಲ ವರ್ಷವೇ ದೊಡ್ಡ ಮೊತ್ತ ಬರುತ್ತದೆ ಅಂತ ಕನಸು ಕಾಣಬೇಡಿ. ಹಾಡುಗಳ ವಿವರ ಕೊಡುವಾಗ ಪ್ರತಿ ಹಾಡಿಗೂ ಯಾರ ಪಾಲು ಎಷ್ಟು ಅಂತ ಬರೆಯಬೇಕಲ್ಲ, ಸದಸ್ಯತ್ವದ ಅರ್ಧ ಪ್ರಯೋಜನ ಆ ಕೆಲಸದಲ್ಲೇ ಇದೆ.

ಕಂಪನಿ ಜೊತೆ ಒಪ್ಪಂದ ಮಾಡಲೇಬಾರದು ಅಂತ ನಾನು ಹೇಳುವುದಿಲ್ಲ. ಹಾಡು ಹಾಸನ ದಾಟಿ ಹೋಗಬೇಕಾದರೆ ಅವರ ಜಾಲ ಬೇಕಾಗಬಹುದು. ಆದರೆ ತೆಂಗಿನ ತೋಟದ ಫಸಲು ಗುತ್ತಿಗೆಗೆ ಕೊಡುವುದೇ ಬೇರೆ, ತೋಟವನ್ನೇ ಕ್ರಯಕ್ಕೆ ಬರೆಯುವುದೇ ಬೇರೆ. ನೀವು ಕೇಳಬೇಕಾದದ್ದು ಲೈಸೆನ್ಸ್. ಮೂರು ವರ್ಷಕ್ಕೋ ಐದು ವರ್ಷಕ್ಕೋ, ಓಡಿದ ಎರಡು ಹಾಡಿಗೆ ಮಾತ್ರ. ಅವಧಿ ಬರೆಯದಿದ್ದರೆ ಕಾನೂನು ಐದು ವರ್ಷ ಅಂತ ಹಿಡಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಅದಕ್ಕೇ ಕಂಪನಿಗಳು ಎರಡನ್ನೂ ಮರೆಯದೆ ಬರೆಯುತ್ತವೆ: "ಶಾಶ್ವತವಾಗಿ, ಜಗತ್ತಿನಾದ್ಯಂತ". ಒಪ್ಪಂದ ಆದ ಒಂದು ವರ್ಷದೊಳಗೆ ಅವರು ಹಾಡನ್ನು ಬಳಸದಿದ್ದರೆ ಹಕ್ಕು ವಾಪಸ್ ಬರುತ್ತದೆ ಅಂತಲೂ ಕಾಯ್ದೆಯಲ್ಲಿದೆ, ಆದರೆ "ಒಪ್ಪಂದದಲ್ಲಿ ಬೇರೆ ಹೇಳದಿದ್ದರೆ" ಅನ್ನುವ ಷರತ್ತಿನ ಮೇಲೆ. ಆ ಬೇರೆ ಮಾತನ್ನೂ ಅವರು ಬರೆದಿರುತ್ತಾರೆ, ಹುಡುಕಿ ಹೊಡೆದು ಹಾಕಿಸಿ. ಮುಂದೆ ನೀವು ಬರೆಯುವ ಹಾಡುಗಳೂ ತಮ್ಮದೇ ಅನ್ನುವ ಸಾಲು ಎಲ್ಲಾದರೂ ಇದ್ದರೆ, ಹಣ ಎಷ್ಟೇ ಇರಲಿ, ಎದ್ದು ಬನ್ನಿ. ಸಾಹಿತ್ಯ, ಸಂಗೀತ, ಗಾಯನ, ವಾದ್ಯ ಸಂಯೋಜನೆ ಅಂತ ನಾಲ್ಕು ಕಡೆ ಯಾರ ಹೆಸರು ಹೇಗೆ ಬರಬೇಕು ಅನ್ನುವುದು ಒಪ್ಪಂದದ ಒಳಗೇ ಇರಲಿ. "ಆಮೇಲೆ ಹಾಕ್ತೀವಿ ಮೇಡಂ" ಅನ್ನುವ ಮಾತಿಗೆ ಬೆಲೆಯಿಲ್ಲ.

ನಿಮ್ಮ ಕೈಯಲ್ಲಿ ಇನ್ನೊಂದು ಬಲ ಇದೆ. ರೆಕಾರ್ಡಿಂಗ್ ಅಣ್ಣನದಾದರೂ ಸಾಹಿತ್ಯ, ಟ್ಯೂನ್ ನಿಮ್ಮದಾಗಿರುವವರೆಗೆ ಅದೇ ಹಾಡನ್ನು ನೀವು ಬೇರೆ ಸ್ಟುಡಿಯೋದಲ್ಲಿ, ಬೇರೆ ವಾದ್ಯಗಳ ಜೊತೆ ಹೊಸದಾಗಿ ಹಾಡಿಸಿ ಬಿಡುಗಡೆ ಮಾಡಬಹುದು. ಅವನ ಬಿಟ್ ಮ್ಯೂಸಿಕ್ ಮಾತ್ರ ಬಳಸಬಾರದು. ಇದನ್ನು ಬೆದರಿಕೆಯಾಗಿ ಹೇಳಬೇಡಿ. ಅಣ್ಣನ ರೆಕಾರ್ಡಿಂಗ್‌ಗೆ ನಿಮ್ಮ ಒಪ್ಪಿಗೆ ಬೇಕು, ನಿಮ್ಮ ಹಾಡಿಗೆ ಅವನ ಒಪ್ಪಿಗೆ ಬೇಕಿಲ್ಲ ಅನ್ನುವ ಲೆಕ್ಕ ನಿಮ್ಮ ಮನಸ್ಸಿನಲ್ಲಿ ಇರಲಿ, ಅಷ್ಟೇ.

ಮದುವೆ ಮನೆಯ ಹಾಡಿನ ಬಗ್ಗೆ ಬೇಸರ ಮಾಡಿಕೊಳ್ಳಬೇಡಿ. ಧಾರ್ಮಿಕ ಸಮಾರಂಭ, ಮದುವೆ ಮೆರವಣಿಗೆ, ಮದುವೆಗೆ ಸೇರಿದ ಸಂಭ್ರಮಗಳಲ್ಲಿ ಹಾಡಿದರೆ ಕೃತಿಸ್ವಾಮ್ಯ ಉಲ್ಲಂಘನೆ ಆಗುವುದಿಲ್ಲ ಅಂತ ಕಾಯ್ದೆಯಲ್ಲೇ ವಿನಾಯಿತಿ ಇದೆ. ದೊಡ್ಡ ಹೋಟೆಲ್‌ಗಳ ಮದುವೆ ವಿಷಯದಲ್ಲಿ ತಕರಾರುಗಳು ನಡೆದಿವೆ, ಅದು ನಿಮಗೆ ಸಂಬಂಧಿಸಿದ್ದಲ್ಲ. ಅರಸೀಕೆರೆಯ ಛತ್ರದಲ್ಲಿ ಅಪ್ಪನ ತಂಡ ನಿಮ್ಮ ಹಾಡು ಹಾಡಿದರೆ ಅಪ್ಪನಿಂದ ನಿಮಗೆ ಬರಬೇಕಾದ ರಾಯಲ್ಟಿ ಏನೂ ಇಲ್ಲ. ಬರಬೇಕಾದದ್ದು ಮೈಕಿನಲ್ಲಿ ಒಂದು ಮಾತು: "ಇದು ನಮ್ಮ ಮಗಳು ಬರೆದು ರಾಗ ಹಾಕಿದ ಹಾಡು." ಅಪ್ಪನ ಹತ್ತಿರ ಮೊದಲು ಕೇಳಬೇಕಾದದ್ದು ಇಷ್ಟನ್ನೇ ಅಂತ ನನ್ನ ಅಭಿಪ್ರಾಯ. ಎಷ್ಟೋ ಅಪ್ಪಂದಿರು ಸಹಿ ಹಾಕಲು ಹಿಂಜರಿಯುತ್ತಾರೆ, ವೇದಿಕೆ ಮೇಲೆ ಮಗಳ ಹೆಸರು ಹೇಳಲು ಹಿಂಜರಿಯುವುದಿಲ್ಲ. ಸಕಲೇಶಪುರದ ರೆಸಾರ್ಟುಗಳ ಮನರಂಜನೆ ಕಾರ್ಯಕ್ರಮಗಳಲ್ಲಿ, ಟಿಕೆಟ್ ಇಟ್ಟು ನಡೆಸುವ ಕಾರ್ಯಕ್ರಮಗಳಲ್ಲಿ ಈ ವಿನಾಯಿತಿ ಇಲ್ಲ. ಅಲ್ಲಿ ಆಯೋಜಕರು ಲೈಸೆನ್ಸ್ ಪಡೆಯಬೇಕು.

ಅಣ್ಣನ ಜೊತೆ ಮಾತಾಡುವಾಗ ವಕೀಲರ ನೋಟಿಸಿನಿಂದ ಶುರು ಮಾಡಬೇಡಿ. ಒಂದೇ ಒಂದು ಹಾಳೆ ತಗೊಂಡು ಹೋಗಿ. ಎಡಕ್ಕೆ 15 ಹಾಡುಗಳ ಹೆಸರು. ಪಕ್ಕದಲ್ಲಿ ಸಾಹಿತ್ಯ, ಟ್ಯೂನ್, ವಾದ್ಯ ಸಂಯೋಜನೆ, ರೆಕಾರ್ಡಿಂಗ್ ಅಂತ ನಾಲ್ಕು ಕಾಲಂ. ಅವನ ಹೆಸರು ಬರಬೇಕಾದ ಕಡೆಗಳನ್ನು ನೀವೇ ಮೊದಲು ತುಂಬಿ. ವಾದ್ಯ, ರೆಕಾರ್ಡಿಂಗ್ ಎರಡು ಕಾಲಂನಲ್ಲಿ ಪೂರ್ತಿ ಅವನ ಹೆಸರೇ ಇರುವುದು ಕಂಡಾಗ ಉಳಿದ ಎರಡರ ಬಗ್ಗೆ ಮಾತಾಡುವುದು ಅವನಿಗೂ ಕಷ್ಟವಾಗುವುದಿಲ್ಲ. ಜಗಳದ ಹಾಡುಗಳನ್ನು ಖಾಲಿ ಬಿಡಿ, ಒಂದೇ ದಿನಕ್ಕೆ ಎಲ್ಲ ಮುಗಿಯಬೇಕಾಗಿಲ್ಲ. ಮುಗಿದ ಮೇಲೆ ಇಬ್ಬರೂ ಸಹಿ ಹಾಕಿ, ಅಪ್ಪ ಅಮ್ಮ ಸಾಕ್ಷಿ ಹಾಕಲಿ. ನಿಮ್ಮ ಮನೆಯವರನ್ನು ಮೊದಲ ಮಾತುಕತೆಗೆ ಕರೆದುಕೊಂಡು ಹೋಗದಿರುವುದು ಒಳ್ಳೆಯದು. ಅಳಿಯ ಬಂದು ಕೂತರೆ ಹಾಡಿನ ಮಾತು ಬೀಗರ ಮಾತಾಗಿಬಿಡುತ್ತದೆ.

ಅವನು ಒಪ್ಪದಿದ್ದರೆ? ಯೂಟ್ಯೂಬ್‌ನಲ್ಲಿ ಕಾಪಿರೈಟ್ ದೂರು ಕೊಟ್ಟು ವಿಡಿಯೋ ತೆಗೆಸಬಹುದು. 90 ದಿನದೊಳಗೆ ಮೂರು ಸ್ಟ್ರೈಕ್ (ಇಂಥ ದೂರಿನ ಮೇಲೆ ಚಾನೆಲ್‌ಗೆ ಬೀಳುವ ಎಚ್ಚರಿಕೆ) ಬಿದ್ದರೆ ಅವನ ಇಡೀ ಚಾನೆಲ್ ಹೋಗಬಹುದು. ಅದರ ಜೊತೆ ನಿಮ್ಮ ದನಿಯನ್ನು ಜನ ಕೇಳಿದ ಜಾಗವೂ, ಅಣ್ಣ ತಂಗಿಯ ಮಾತೂ ಹೋಗುತ್ತದೆ. ಇದನ್ನು ಕೊನೆಗಿಡಿ. ಅದಕ್ಕಿಂತ ಮುಂಚೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ, 1987ರ ಕಾಯ್ದೆಯಲ್ಲೇ ಅದು ಇದೆ. ಅಲ್ಲಿ ಮಧ್ಯಸ್ಥಿಕೆಗೆ ಕೇಳಿ. ಮುಚ್ಚಿದ ಕೋಣೆಯಲ್ಲಿ ನಡೆಯುವ ಮಾತುಕತೆ ಅದು, ಊರಿಗೆ ಸುದ್ದಿಯಾಗುವುದಿಲ್ಲ. ದಾವೆ ಹಾಕಬೇಕಾಗಿ ಬಂದರೂ ಬೆಂಗಳೂರಿಗೆ ಅಲೆಯಬೇಕಿಲ್ಲ. ಕೃತಿಸ್ವಾಮ್ಯದ ದಾವೆಯನ್ನು ನೀವು ವಾಸವಿರುವ ಜಾಗದ ನ್ಯಾಯಾಲಯದಲ್ಲೇ ಹಾಕಬಹುದು. ಕಂಪನಿಯ ಮೇಲಾದರೂ ಅಷ್ಟೇ. ಹಣದ ಪರಿಹಾರ ಕೇಳಲು ಉಲ್ಲಂಘನೆಯಾದ ದಿನದಿಂದ ಮೂರು ವರ್ಷದ ಮಿತಿ ಇದೆ. ಮಾತುಕತೆಗೆ ಸಾಕಷ್ಟು ಸಮಯ ಕೊಡಿ, ಆದರೆ ಆ ದಿನಾಂಕ ಬರೆದಿಟ್ಟುಕೊಂಡು ಕೊಡಿ.

ಈ ವಾರ ಮಾಡಬೇಕಾದದ್ದು ಒಂದೇ. ಅಣ್ಣನಿಗೆ ಮೊದಲೇ ತಿಳಿಸಿ, ಕಂಪನಿಗೆ ಒಂದು ಮೇಲ್ ಹಾಕಿ, ಅಣ್ಣನಿಗೂ ಪ್ರತಿ ಇರಲಿ. "ಈ ಹಾಡುಗಳ ಸಾಹಿತ್ಯ ಮತ್ತು ರಾಗಸಂಯೋಜನೆ ನನ್ನದು. ಮನೆಯಲ್ಲಿ ಮಾತುಕತೆ ನಡೆಯುತ್ತಿದೆ. ನನ್ನ ಲಿಖಿತ ಒಪ್ಪಿಗೆ ಇಲ್ಲದೆ ಇವುಗಳ ಬಗ್ಗೆ ಯಾವ ಒಪ್ಪಂದವನ್ನೂ ಮಾಡಿಕೊಳ್ಳಬೇಡಿ. ಕರಡು ಒಪ್ಪಂದವನ್ನು ನನಗೂ ಕಳಿಸಿ." ಕನ್ನಡದಲ್ಲೇ ಬರೆಯಿರಿ, ಸಾಕು. ಅವರು ಕರಡು ಕಳಿಸಿದರೆ ಸಹಿಗೆ ಮುಂಚೆ ಯಾರಾದರೂ ವಕೀಲರಿಂದ ಓದಿಸಿ. ಕಳಿಸದಿದ್ದರೂ, ನಿಮ್ಮ ಹಾಡು ಅಂತ ಅವರಿಗೆ ಗೊತ್ತಿತ್ತು ಅನ್ನುವುದಕ್ಕೆ ಆ ಮೇಲ್ ದಾಖಲೆಯಾಗಿ ಉಳಿಯುತ್ತದೆ.